ತಾತ ಕಂಡ ಪಿಟೀಲು

ಬೆಳಗಿನ ಕಾಫಿ ಕುದಿಯುವ ಮೊದಲು ಎಲ್ಲರ ಬೂಟು ಕೊಡವಿಡುವುದು ನಮ್ಮ ಮನೆಯಲ್ಲಿ ನನ್ನ ಕೆಲಸ. ಹಿಂಬಾಗಿಲ ಜಗಲಿಯಲ್ಲಿ ಗೋಡೆಗೆ ಒರಗಿಸಿಟ್ಟ ಬೂಟುಗಳನ್ನು ಒಂದೊಂದಾಗಿ ಎತ್ತಿ, ತಲೆಕೆಳಗು ಮಾಡಿ, ಹಿಮ್ಮಡಿಯನ್ನು ಕಂಬಕ್ಕೆ ಬಡಿದು, ಒಳಗೆ ಕಡ್ಡಿ ಆಡಿಸಿ ಇಡಬೇಕು. ಎಲ್ಡನ್ ಮಾವನ ಬೂಟಿನಿಂದ ಗರಗಸದ ಗಿರಣಿಯ ಹೊಟ್ಟು ಉದುರಿತು. ಓಪಲ್ ಅತ್ತೆಯ ಬೂಟಿನಿಂದ ಏನೂ ಬೀಳಲಿಲ್ಲ. ಅದರೊಳಗೆ ಹೋಗುವ ಧೈರ್ಯ ಯಾವ ಹುಳಕ್ಕೂ ಇಲ್ಲವೆಂದು ಮಾವ ಹೇಳುವುದುಂಟು. ನನ್ನದನ್ನೂ ಕೊಡವಿದೆ. ಕಡೆಗೆ ತಾತನ ಎಡಗಾಲಿನ ಬೂಟು. ತಾತ ಅದನ್ನು ಹಾಕಿಕೊಳ್ಳುವುದು ಬಿಟ್ಟು ಬಹಳ ದಿನವಾಗಿತ್ತು. ಆದರೂ ಕೊಡವಿದೆ.

ಒಂದು ಜೇಡ ಬಿತ್ತು. ಬಿದ್ದದ್ದೇ ತಡ, ನೆಟ್ಟಗೆ ಓಡದೆ ಸೊಟ್ಟಸೊಟ್ಟಗೆ ಹಲಗೆಯ ಮೇಲೆ ಓಡತೊಡಗಿತು. ಬೇರೆ ಯಾರಾದರೂ ಆಗಿದ್ದರೆ ಕಾಲಲ್ಲಿ ಹೊಸಕುತ್ತಿದ್ದರು. ಪೀಚ್ ಹಣ್ಣು ತುಂಬಿಡುವ ಗಾಜಿನ ಜಾಡಿಗಳನ್ನು ಅತ್ತೆ ಮೆಟ್ಟಿಲ ಮೇಲೆ ಬೋರಲು ಹಾಕಿದ್ದಳು. ಒಂದನ್ನು ತೆಗೆದು ಜೇಡದ ಮೇಲೆ ಕವುಚಿದೆ. ಕೆಳಗೆ ರಟ್ಟು ತೂರಿಸಿ, ತಿರುಗಿಸಿ, ಮುಚ್ಚಳ ಹಾಕಿದೆ.

ಮೈ ಇದ್ದಿಲ ಬಣ್ಣ, ಮಖಮಲ್ಲಿನಂಥ ನಯ. ಜೇಡದ ಮೈಯಲ್ಲಿ ಎರಡು ಭಾಗ: ಕಾಲುಗಳು ಹೊರಡುವ ಮುಂಭಾಗ ಒಂದು, ಅದರ ಹಿಂದೆ ಉದ್ದಕ್ಕೆ ಉಬ್ಬಿದ ಹೊಟ್ಟೆ ಒಂದು. ಇದರ ಹೊಟ್ಟೆಯ ಮೇಲ್ಭಾಗದಲ್ಲಿ ಒಂದು ಬಿಳಿ ಪಟ್ಟಿ ಇತ್ತು. ಮೊದಲು ಅಗಲ, ನಡುವೆ ಸಣ್ಣ, ಮತ್ತೆ ಅಗಲ. ಅರ್ಧ ದಾಟಿದ ಮೇಲೆ ಪಟ್ಟಿ ನಿಂತುಹೋಗಿ, ಹೊಟ್ಟೆಯ ತುದಿಯ ಹತ್ತಿರ ಬೇರೆಯಾಗಿ ಒಂದು ಬಿಳಿ ಚುಕ್ಕೆ.

ನನಗೆ ಇದು ಹೊಸತಲ್ಲ. ಅಜ್ಜಿ ಇದನ್ನು ಪಾದ್ರಿ ಜೇಡ ಎನ್ನುತ್ತಿದ್ದಳು. ಹಿಂದಿನ ಕಾಲದ ಪಾದ್ರಿಗಳು ಕರಿ ನಿಲುವಂಗಿಯ ಮೇಲೆ ಕೊರಳಿಗೆ ಬಿಳಿ ಬಟ್ಟೆ ಕಟ್ಟಿ ಎದೆಯ ಮೇಲೆ ಇಳಿಬಿಡುತ್ತಿದ್ದರಂತೆ, ಅದೇ ಥರ. ನಮ್ಮ ಚರ್ಚಿನ ಪಾದ್ರಿಗಿಂತ ಇವನೇ ವಾಸಿ, ಬೇಗ ಜಾಗ ಖಾಲಿ ಮಾಡುತ್ತಾನೆ ಎಂದು ನಗುತ್ತಿದ್ದಳು. ಆಕೆ ಇದನ್ನು ಕೊಲ್ಲಲು ಬಿಡುತ್ತಿರಲಿಲ್ಲ.

ಜಾಡಿಯನ್ನು ಬೆಳಕಿಗೆ ಹಿಡಿದು ಆ ಬಿಳಿ ಚುಕ್ಕೆಯನ್ನು ನೋಡುತ್ತ ನಿಂತೆ. ಎಲ್ಲೋ ಕೇಳಿದ ಮಾತು ಮನಸ್ಸಿನ ಅಂಚಿಗೆ ಬಂದು ಬಂದು ಹೋಗುತ್ತಿತ್ತು. ಒಳಗೆ ಅತ್ತೆ ತಾತನ ಕಾಲಿನ ಕಟ್ಟು ಬಿಚ್ಚಿರಬೇಕು, ಆ ವಾಸನೆ ಜಗಲಿಯವರೆಗೂ ಬಂತು. ಆಗ ನೆನಪಾಯಿತು. ಗುಂಡಿ.

ಬೇಸಿಗೆ ಕಳೆಯುವ ಹೊತ್ತಿಗೆ ತಾತನ ಎಡಪಾದದ ಹೊರ ಅಂಚಿನಲ್ಲಿ ಒಂದು ನೇರಳೆ ಕಲೆ ಎದ್ದಿತ್ತು. ಅದು ಕಂಡ ದಿನವೇ ಬೂಟಿನೊಳಗೆ ಅಪ್ಪಚ್ಚಿಯಾದ ಒಂದು ಜೇಡವೂ ಸಿಕ್ಕಿತ್ತು. ತಾತ ಅದನ್ನು ಅಂಗೈ ಮೇಲೆ ಇಟ್ಟುಕೊಂಡು ತನ್ನ ಭೂತಗನ್ನಡಿಯಲ್ಲಿ ನೋಡಿ, ಪಿಟೀಲು ಇದೆ, ಪಿಟೀಲು ಜೇಡವೇ ಎಂದುಬಿಟ್ಟ. ಅತ್ತೆ ಆ ಜೇಡವನ್ನು ಒಲೆಗೆ ಎಸೆದಳು. ಮತ್ತೆ ಯಾರೂ ನೋಡಲಿಲ್ಲ, ನೋಡುವ ಅಗತ್ಯವೂ ಇರಲಿಲ್ಲ. ಹೋಬರ್ಟ್ ತಾತ ಹುಡುಗನಾಗಿದ್ದಾಗಿನಿಂದ ಪಿಟೀಲು ಮಾಡುತ್ತ ಬಂದವನು. ನಮ್ಮ ಓಝಾರ್ಕ್ ಗುಡ್ಡಗಳಲ್ಲಿ ಶನಿವಾರದ ಕುಣಿತಕ್ಕೆ ನುಡಿಸುವವರಲ್ಲಿ ಅರ್ಧ ಜನರ ಕೈಯಲ್ಲಿ ಇರುವುದು ಆತ ಕೆತ್ತಿದ್ದೇ. ಅಂಥವನು ಇದು ಪಿಟೀಲು ಎಂದರೆ ಅಲ್ಲವೆನ್ನುವವರು ಯಾರು.

ಪಿಟೀಲು ಜೇಡ ನಮ್ಮಲ್ಲಿ ಎಲ್ಲರಿಗೂ ಗೊತ್ತು. ಕಂದು ಬಣ್ಣದ್ದು, ಬೆನ್ನ ಮೇಲೆ ಪಿಟೀಲಿನ ಗುರುತು ಇರುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ಅದು ಕಚ್ಚಿದ ಕಡೆ ಕೆಲವೊಮ್ಮೆ ಚರ್ಮ ಸತ್ತು ಕರಿ ಹಕ್ಕಳೆ ಕಟ್ಟುತ್ತದೆ. ಅದನ್ನು ಕುಯ್ಯಬಾರದು, ಕೆದಕಬಾರದು, ಹಕ್ಕಳೆ ತಾನಾಗಿ ಬೀಳುವವರೆಗೆ ಕಾಯಬೇಕು. ಹೊಳೆಯಾಚೆಯ ಒಬ್ಬ ಚಾಕುವಿನಿಂದ ಕೊಯ್ದುಕೊಂಡು ಬೆರಳನ್ನೇ ಕಳೆದುಕೊಂಡಿದ್ದ. ಹಾಗಾಗಿ ಅತ್ತೆ ಆಲೂಗೆಡ್ಡೆ ತುರಿದು ಕಟ್ಟಿದಳು, ಕಾಲನ್ನು ಎತ್ತರಕ್ಕೆ ಇಡಿಸಿದಳು, ಕಾದಳು. ಚರ್ಚಿನಿಂದ ನೋಡಲು ಬಂದವರೂ ಕಾಯಿರಿ ಎಂದೇ ಹೇಳಿ, ತಮ್ಮ ತಮ್ಮ ಜೇಡದ ಕಥೆ ಹೇಳಿ, ಕಡುಬು ತಿಂದು ಹೋದರು.

ಬಂದವರಿಗೆಲ್ಲ ತಾತ ತನ್ನ ಕಥೆಯನ್ನೂ ಹೇಳುತ್ತಿದ್ದ. ಒಳ್ಳೆಯ ಅಳತೆಯ ಪಿಟೀಲು ಎನ್ನುತ್ತಿದ್ದ. ಇನ್ನೂ ವಾರ್ನಿಷ್ ಹಚ್ಚಿರಲಿಲ್ಲ, ಬಿಳಿ ಮರ ಹಾಗೇ ಇತ್ತು. ಸೊಂಟ ಸರಿಯಾಗಿ ಕೆತ್ತಿತ್ತು. ತಂತಿ ಎಳೆದು ಕಟ್ಟಲು ಕೆಳಗೆ ಒಂದು ಗುಂಡಿ ಇರುತ್ತದಲ್ಲ, ಅದನ್ನೂ ಬಿಟ್ಟಿರಲಿಲ್ಲ, ನನ್ನನ್ನು ಕಚ್ಚಿದ್ದು ಕಸುಬು ಬಲ್ಲ ಜೇಡ ಎಂದು ನಗಿಸುತ್ತಿದ್ದ. ನಾನು ಕಾಫಿ ಕೊಡುತ್ತ ಅದನ್ನು ಎಷ್ಟೋ ಸಲ ಕೇಳಿದ್ದೆ.

ಬಿಳಿ ಪಿಟೀಲು. ಕೆಳಗೆ ಗುಂಡಿ.

ನಾನು ಜಾಡಿಯನ್ನು ಏಪ್ರನ್ನಿನಲ್ಲಿ ಮುಚ್ಚಿಕೊಂಡು ಹಿತ್ತಲಿಗೆ ಹೋದೆ.

ಹತ್ತನೇ ತರಗತಿಗೆ ಹೋಗುವ ಮೊದಲೇ ನಾನು ಶಾಲೆ ಬಿಟ್ಟೆ. ಅಜ್ಜಿ ಹಾಸಿಗೆ ಹಿಡಿದಿದ್ದಳು, ಮನೆಯಲ್ಲಿ ಒಬ್ಬರು ಬೇಕಿತ್ತು, ತರಗತಿಯಲ್ಲಿ ಎದ್ದು ನಿಂತು ಓದುವುದೆಂದರೆ ನನಗೆ ಜ್ವರ ಬರುತ್ತಿತ್ತು. ಅಜ್ಜಿ ಮಲಗಿದ ಹೊತ್ತಿನಲ್ಲಿ ಸೌದೆ ಒಟ್ಟಿಲ ಹತ್ತಿರ ಹೋಗಿ ಕೂರುವುದು ರೂಢಿಯಾಯಿತು. ತೊಗಟೆ ಎಬ್ಬಿಸಿದರೆ, ಹಲಗೆ ಮಗುಚಿದರೆ, ಕಲ್ಲು ಸರಿಸಿದರೆ ಅಲ್ಲಿ ನೆಲದ ಜೇಡಗಳು ಇರುತ್ತವೆ. ಇವು ಬಲೆ ಕಟ್ಟಿ ಕಾಯುವ ಜಾತಿಯಲ್ಲ. ಹಗಲು ರೇಷ್ಮೆಯ ಸಣ್ಣ ಚೀಲದಲ್ಲಿ ಮಲಗಿ, ಕತ್ತಲಾದ ಮೇಲೆ ಓಡಾಡಿ ಬೇಟೆಯಾಡುತ್ತವೆ. ಹಿಂದೆ ಎರಡು ಪುಟ್ಟ ಕೊಳವೆಗಳು ಚಾಚಿಕೊಂಡಿರುತ್ತವೆ, ನೂಲು ಅಲ್ಲಿಂದ ಬರುತ್ತದೆ. ಮೊದಮೊದಲು ನನಗೆ ಎಲ್ಲವೂ ಒಂದೇ ಥರ ಕಂಡವು. ಆಮೇಲೆ ಹೊಟ್ಟೆ ನೋಡಲು ಕಲಿತೆ. ಕಾಲು ಎಲ್ಲಕ್ಕೂ ಎಂಟು, ಓಟ ಎಲ್ಲಕ್ಕೂ ಜೋರು, ಆದರೆ ಹೊಟ್ಟೆ ಒಂದೊಂದರದ್ದು ಒಂದೊಂದು. ಒಂದರದ್ದು ಇಲಿಯ ಹಾಗೆ ಬೂದು, ಗುರುತೇ ಇಲ್ಲ. ಒಂದರದ್ದು ಕಪ್ಪಗೆ ಮಿರಿಮಿರಿ. ಅದಕ್ಕೆ ಬೂಟ್ ಪಾಲಿಶ್ ಎಂದು ಹೆಸರಿಟ್ಟೆ. ಇನ್ನೊಂದು ಮುಂದೆ ಕಿತ್ತಳೆ, ಹಿಂದೆ ಕಪ್ಪು ಹೊಟ್ಟೆಯ ಮೇಲೆ ಅಡ್ಡಡ್ಡ ಬಿಳಿ ಪಟ್ಟಿ. ಅದು ಸೊಂಟಪಟ್ಟಿಯವಳು. ಅದು ಸಿಕ್ಕ ದಿನ ನನಗೆ ಹಬ್ಬ. ಅವುಗಳ ನಿಜವಾದ ಹೆಸರು ನನಗೆ ಗೊತ್ತಿಲ್ಲ. ಯಾರನ್ನು ಕೇಳಬೇಕೋ ಅದೂ ಗೊತ್ತಿರಲಿಲ್ಲ.

ಇಷ್ಟೆಲ್ಲ ನೋಡಿದವಳು ಪಿಟೀಲು ಜೇಡವನ್ನು ಮಾತ್ರ ನೋಡಿರಲಿಲ್ಲ ಎಂಬುದು ಆ ಬೆಳಿಗ್ಗೆ ನನಗೆ ಹೊಳೆಯಿತು. ಮನೆ ತುಂಬ ಇವೆ ಎಂದು ಗೊತ್ತು. ಆದರೆ ಅದನ್ನು ಕಂಡ ಕೂಡಲೇ ಯಾರಾದರೂ ಜಜ್ಜಿಬಿಡುತ್ತಾರೆ, ಜಜ್ಜಿದ ಮೇಲೆ ನೋಡಲು ಏನೂ ಉಳಿದಿರುವುದಿಲ್ಲ. ಅದರ ಹೊಟ್ಟೆ ಹೇಗಿರುತ್ತದೆ? ಪಿಟೀಲು ಎಲ್ಲಿರುತ್ತದೆ? ಬೆನ್ನ ಮೇಲೆ ಎನ್ನುತ್ತಾರೆ, ಎರಡು ಭಾಗದ ಮೈಯಲ್ಲಿ ಯಾವ ಭಾಗದ ಮೇಲೆಂದು ಹೇಳಿದವರಿಲ್ಲ.

ಹಂದಿ ಮಾಂಸ ಹೊಗೆಗೆ ಕಟ್ಟುವ ಕೋಣೆಯಲ್ಲಿ ಹಳೆಯ ರಟ್ಟಿನ ಪೆಟ್ಟಿಗೆಗಳ ರಾಶಿ ಇತ್ತು. ಅಂಥ ಒಣಜಾಗ ಅವಕ್ಕೆ ಇಷ್ಟ ಎಂದು ಮಾವ ಹೇಳಿದ್ದ. ಕೈಗೆ ಅತ್ತೆಯ ತೋಟದ ಗವಸು ಹಾಕಿಕೊಂಡು ಪೆಟ್ಟಿಗೆಯ ಮಡಿಕೆಗಳನ್ನು ಒಂದೊಂದಾಗಿ ಬಿಡಿಸಿದೆ. ಒಂದು ಮಡಿಕೆಯಲ್ಲಿ ಇತ್ತು. ಪಾದ್ರಿಯ ಹಾಗೆ ಓಡಲಿಲ್ಲ. ಉದ್ದ ಕಾಲುಗಳನ್ನು ಚಪ್ಪಟೆಯಾಗಿ ಚಾಚಿಕೊಂಡು, ನನಗಿಂತ ನಾಚಿಕೆಯವಳ ಹಾಗೆ ಕೂತಿತ್ತು. ರಟ್ಟನ್ನು ಮೆಟ್ಟಿಲಿನಿಂದ ತಂದಿದ್ದ ಇನ್ನೊಂದು ಜಾಡಿಯ ಮೇಲೆ ಕುಟ್ಟಿದೆ, ಒಳಗೆ ಬಿತ್ತು.

ತಾತನ ಭೂತಗನ್ನಡಿ ಅಡಿಗೆಮನೆಯ ಕಿಟಕಿಯ ಕಟ್ಟೆಯ ಮೇಲೇ ಇರುತ್ತದೆ. ಹೋಗಿ ಅದನ್ನು ತಂದೆ. ಹೊಗೆಕೋಣೆಯ ಹೊಸ್ತಿಲ ಮೇಲೆ ಬಿಸಿಲಿತ್ತು. ಎರಡು ಜಾಡಿಗಳನ್ನು ಪಕ್ಕಪಕ್ಕ ಇಟ್ಟು ಕೂತೆ.

ಪಿಟೀಲು ಜೇಡದ ಮೈಯೆಲ್ಲ ಹಾಲು ಹೆಚ್ಚಾದ ಕಾಫಿಯ ಬಣ್ಣ. ಹೊಟ್ಟೆ ಬರಿದು. ಪಟ್ಟಿ ಇಲ್ಲ, ಚುಕ್ಕೆ ಇಲ್ಲ, ತೊಳೆದಿಟ್ಟ ತಟ್ಟೆ. ಪಿಟೀಲು ಇದ್ದದ್ದು ಮುಂಭಾಗದ ಮೇಲೆ, ಕಾಲುಗಳು ಹೊರಡುವಲ್ಲಿ. ಅದೂ ಬಿಳಿಯಲ್ಲ, ಕಂದು ಮೈಯ ಮೇಲೆ ಕಡುಕಂದು. ಪಿಟೀಲಿನ ಉಬ್ಬಿದ ಒಡಲು ಕಣ್ಣುಗಳ ಕಡೆಗೆ, ಸಪೂರ ಕತ್ತು ಹಿಂದೆ ಹೊಟ್ಟೆಯ ಕಡೆಗೆ. ಗುಂಡಿ ಇರುವ ಮಾತೇ ಇಲ್ಲ. ಭೂತಗನ್ನಡಿಯನ್ನು ಇನ್ನೂ ಹತ್ತಿರ ಹಿಡಿದರೆ ಕಣ್ಣುಗಳೂ ಕಂಡವು: ಎರಡೆರಡರ ಜೋಡಿಯಾಗಿ ಮೂರು ಕಡೆ. ಪಾದ್ರಿಗೆ ಎಂಟು ಕಣ್ಣು, ಎರಡು ಸಾಲು. ಎಷ್ಟು ಹೊತ್ತು ಹಾಗೇ ನೋಡುತ್ತಿದ್ದೆನೋ, ಹಿಂದೆ ಕೋಳಿ ಬಂದು ಏಪ್ರನ್ನಿನ ದಾರ ಎಳೆಯುವವರೆಗೂ ಗೊತ್ತಾಗಲಿಲ್ಲ. ಒಂದು ಕಗ್ಗಂಟು ಬಿಡಿಸಿದ ಹಾಗೆ ಮೈ ಹಗುರಾಗಿತ್ತು, ನಗು ಕೂಡ ಬಂತು.

ಕಗ್ಗಂಟಿನ ಒಳಗೆ ಏನಿತ್ತೆಂದು ತಿಳಿದದ್ದು ಆಮೇಲೆ.

ತಾತ ಕಂಡದ್ದು ಪಾದ್ರಿಯನ್ನೇ ಆಗಿದ್ದರೆ, ಪಾದ್ರಿ ಕಚ್ಚಿದರೆ ಉರಿಯುತ್ತದೆ, ಅಷ್ಟೆ. ನನಗೇ ಒಂದು ಸಲ ಕಚ್ಚಿತ್ತು, ಸಂಜೆಯ ಹೊತ್ತಿಗೆ ಮರೆತಿದ್ದೆ. ಪಾದ ಕೊಳೆಯುವುದಿಲ್ಲ. ತಾತನ ಗಾಯದಲ್ಲಿ ಹಕ್ಕಳೆ ಬೀಳುವ ಲಕ್ಷಣವಿರಲಿಲ್ಲ, ದಿನದಿನಕ್ಕೆ ಒಳಕ್ಕೆ ಹೋಗುತ್ತಿತ್ತು, ಕಿರುಬೆರಳು ಕಪ್ಪಾಗುತ್ತಿತ್ತು. ತಾತನ ತಮ್ಮ ಬರ್ಲ್‌ನದ್ದೂ ಹೀಗೇ ಬೆರಳಿನಿಂದ ಶುರುವಾಗಿ, ಸಕ್ಕರೆ ಕಾಯಿಲೆಯೆಂದು ಗೊತ್ತಾಗುವ ಹೊತ್ತಿಗೆ ತಡವಾಗಿ, ಮೊದಲು ಪಾದ, ಆಮೇಲೆ ಮೊಣಕಾಲು, ಆಮೇಲೆ ಬರ್ಲ್ ತಾತನೇ ಹೋಗಿದ್ದ. ಜೇಡವಾದರೆ ಕಾಯುವುದು ಸರಿ. ಜೇಡವಲ್ಲದಿದ್ದರೆ ನಾವು ಕಾಯುತ್ತಿದ್ದ ಒಂದೊಂದು ದಿನವೂ ತಾತನ ಕಾಲನ್ನು ತಿನ್ನುತ್ತಿತ್ತು.

ತಾತ ತನ್ನ ಕೆಲಸದ ಕೊಟ್ಟಿಗೆಯಲ್ಲಿ ಕಿಟಕಿಯ ಹತ್ತಿರ ಕೂತಿದ್ದ. ಎಡಗಾಲು ಮೊಳೆಯ ಪೀಪಾಯಿಯ ಮೇಲೆ. ಕೈಯಲ್ಲಿ ಮೇಪಲ್ ಮರದ ತುಂಡು, ಪಿಟೀಲಿನ ತಲೆಯ ಸುರುಳಿ ಆಗಷ್ಟೇ ಮರದಿಂದ ಏಳತೊಡಗಿತ್ತು. ನಾನು ಏಪ್ರನ್ನಿನಲ್ಲಿ ಎರಡು ಜಾಡಿ ಅಡಗಿಸಿಕೊಂಡು ಬಾಗಿಲಲ್ಲಿ ನಿಂತೆ.

"ಏನೇ ಆರ್ಡಿತ್, ಕೋಳಿ ಕದ್ದೋಳ ಥರ ನಿಂತಿದೀಯ," ಎಂದ.

"ಒಂದು ಕೇಳ್ಬೇಕಿತ್ತು ತಾತ."

"ಅಪರೂಪಕ್ಕೆ ಬಾಯ್ ಬಿಟ್ಟಿದೀಯ. ಕೇಳ್ಬಿಡು, ಮತ್ತೆ ಮುಚ್ಕೊಳ್ಳೋಕೆ ಮುಂಚೆ."

ಅವತ್ತು ಬೂಟಿನಲ್ಲಿ ಸಿಕ್ಕ ಜೇಡದ ಗುರುತನ್ನು ಬರೆದು ತೋರಿಸು ಎಂದೆ. ಆತನಿಗೆ ಖುಷಿಯಾಯಿತು. ಪೆನ್ಸಿಲನ್ನು ಕಿವಿಯ ಮೇಲಿಂದ ತೆಗೆದು, ಬಿದ್ದಿದ್ದ ಹಲಗೆಯ ಚೂರಿನ ಮೇಲೆ ಒಂದೇ ಎಳೆಯಲ್ಲಿ ಬರೆದ. ಮೇಲಿನ ಅಗಲ, ಸೊಂಟ, ಕೆಳಗಿನ ಅಗಲ, ಸ್ವಲ್ಪ ಜಾಗ ಬಿಟ್ಟು ಗುಂಡಿ. ಸುತ್ತ ಕಪ್ಪು ಎಂದು ಪೆನ್ಸಿಲಿನಿಂದ ಉಜ್ಜಿ ತೋರಿಸಿದ. ಕತ್ತು ಎಲ್ಲಿ ಎಂದು ಕೇಳಿದೆ. ಕತ್ತು ಇನ್ನೂ ಕೂರಿಸಿರಲಿಲ್ಲ ಎಂದ. ಬಿಳಿ ಮರದ ಪಿಟೀಲಿಗೆ ಕತ್ತು ಆಮೇಲೆ ತಾನೇ ಅಂಟಿಸುವುದು, ಅಷ್ಟೂ ಗೊತ್ತಿಲ್ಲವೇ ಎಂದು ನನ್ನನ್ನೇ ರೇಗಿಸಿದ.

ನಾನು ಪಿಟೀಲು ಜೇಡದ ಜಾಡಿಯನ್ನು ಮೊದಲು ಕೊಟ್ಟೆ, ಭೂತಗನ್ನಡಿಯನ್ನೂ. ತಾತ ಜಾಡಿಯನ್ನು ತಿರುಗಿಸಿ ತಿರುಗಿಸಿ ನೋಡಿದ.

"ಇದ್ಯಾವ್ದೋ ಬಡಪಾಯಿ. ಪಿಟೀಲಿದೆ, ಇಲ್ಲ ಅನ್ನಲ್ಲ. ಆದ್ರೆ ತಲೆ ಹತ್ರ ಇದೆ, ಕತ್ತು ಹಿಂದಕ್ ಮಾಡಿದಾನೆ. ವಾರ್ನಿಷೂ ಹಚ್ಬಿಟ್ಟಿದಾನೆ." ಆಮೇಲೆ ಭೂತಗನ್ನಡಿ ಸರಿಸಿ ಕೇಳಿದ, "ಹೊಟ್ಟೆ ಮೇಲೆ ಏನೂ ಇಲ್ವಲ್ಲೇ ಇದಕ್ಕೆ?"

"ಇದಕ್ಕೆ ಇರಲ್ಲ ತಾತ. ಇದೇ ಪಿಟೀಲು ಜೇಡ."

ನಾನು ಎರಡನೆಯ ಜಾಡಿಯನ್ನು ಪೀಪಾಯಿಯ ಮೇಲೆ, ಕಟ್ಟಿನಿಂದ ಹೊರಗಿದ್ದ ಆತನ ಬೆರಳುಗಳ ಪಕ್ಕ ಇಟ್ಟೆ. ತಾತ ಬಗ್ಗಿದ. ಪಾದ್ರಿ ಗಾಜಿನ ತಳದಲ್ಲಿ ಒಂದು ಸುತ್ತು ಓಡಿ ನಿಂತಿತು, ಹೊಟ್ಟೆಯ ಗುರುತು ಕಿಟಕಿಯ ಬೆಳಕಿಗೆ ಸರಿಯಾಗಿ ಬಂತು.

"ಇವನೇ," ಎಂದ ತಾತ. ಮುಖ ಅರಳಿತ್ತು. "ನೋಡು, ಗುಂಡಿ ನೋಡು. ನಾನ್ ಹೇಳ್ಲಿಲ್ವಾ? ಸೊಂಟ ನೋಡೇ, ಎಷ್ಟು ಚೆನ್ನಾಗಿ..."

ಅಲ್ಲಿಗೆ ನಿಲ್ಲಿಸಿದ. ಒಂದು ಜಾಡಿ ನೋಡಿದ, ಇನ್ನೊಂದು ನೋಡಿದ, ಹಲಗೆಯ ಚೂರು ನೋಡಿದ. ಆಕಾರವನ್ನು ಕಣ್ಣಳತೆಯಲ್ಲಿ ಹಿಡಿಯುವುದರಲ್ಲಿ ತಾತ ಎಂದೂ ತಪ್ಪಿದವನಲ್ಲ, ಈಗಲೂ ತಪ್ಪಿರಲಿಲ್ಲ. ಅದು ಯಾವ ಜಾಗದಲ್ಲಿದೆ ಎಂದು ಮಾತ್ರ ಅವತ್ತು ನೋಡಿರಲಿಲ್ಲ. ಬಿಳಿ ಮರದ ಪಿಟೀಲುಗಳನ್ನು ದಿನವೂ ತೂಗುಹಾಕಿಕೊಂಡು ಅವುಗಳ ಕೆಳಗೆ ಕೂರುವವನಿಗೆ ಆ ಬಿಳಿ ಗುರುತು ಬೇರೆ ಏನಾಗಿ ಕಾಣಬೇಕಿತ್ತು?

"ಅಜ್ಜಿ ಇದನ್ನ ಪಾದ್ರಿ ಅಂತಿದ್ಲು," ಎಂದೆ.

"ಅವಳಿಗೆ ಎಲ್ಲೆಲ್ಲೂ ಪಾದ್ರಿಗಳೇ ಕಾಣೋರು, ನಂಗೆ ಪಿಟೀಲು," ಎಂದ. ಆದರೆ ದನಿಯಲ್ಲಿ ತಮಾಷೆ ಇರಲಿಲ್ಲ.

ಆಗ ನನ್ನ ಕಣ್ಣು ಪೀಪಾಯಿಯ ಮೇಲೆ ಹೋಯಿತು. ತಾತ ಬಗ್ಗಿದಾಗ ಜಾಡಿ ಜರುಗಿ ಆತನ ಬೆರಳಿಗೆ ಒತ್ತಿಕೊಂಡು ನಿಂತಿತ್ತು. ಬರುವಾಗ ನಾನು ಅದರ ಹೊರಮೈಯನ್ನು ಹೊಗೆಕೋಣೆಯ ಹಿಂದಿನ ನೀರಿನ ತೊಟ್ಟಿಯಲ್ಲಿ ತೊಳೆದು ತಂದಿದ್ದೆ, ಗಾಜು ಮಂಜುಗಡ್ಡೆಯ ಹಾಗೆ ತಣ್ಣಗಿತ್ತು.

"ತಣ್ಣಗಿಲ್ವಾ ತಾತ?"

"ಯಾವ್ದು?"

ನಾನು ಬೆರಳು ತೋರಿಸಿದೆ. ಆತ ನೋಡಿದ. ಕಾಲನ್ನು ಸರಿಸಲೂ ಇಲ್ಲ. ತನ್ನದಲ್ಲದ ಕಾಲನ್ನು ನೋಡುವ ಹಾಗೆ ನೋಡಿದ.

ಯಾವಾಗಿಂದ ಹೀಗೆ ಎಂದು ಕೇಳಿದೆ. ಹೋದ ಚಳಿಗಾಲದಿಂದಲೇ ಎಂದ. ಒಲೆಯ ಹತ್ತಿರ ಕೂತರೆ ಬಲಗಾಲಿಗೆ ಬಿಸಿ ಗೊತ್ತಾಗುತ್ತಿತ್ತು, ಎಡಗಾಲಿಗೆ ಇಲ್ಲ. ನೀರು ಎಷ್ಟು ಕುಡಿದರೂ ದಾಹ. ರಾತ್ರಿ ಮೂರು ನಾಲ್ಕು ಸಲ ಏಳುವುದು. ಬರ್ಲ್‌ಗೂ ಹಾಗೇ ಆಗುತ್ತಿತ್ತೆಂದು ಆತನಿಗೆ ನೆನಪಿತ್ತು. ಯಾರಿಗೂ ಹೇಳಿರಲಿಲ್ಲ. ಅಷ್ಟರಲ್ಲಿ ಬೂಟಿನಲ್ಲಿ ಜೇಡ ಸಿಕ್ಕಿತು.

"ಜೇಡ ಸಿಕ್ಕಿದ್ದು ನಂಗೆ ಎಷ್ಟು ಸಮಾಧಾನ ಆಯ್ತು ಗೊತ್ತಾ ನಿಂಗೆ?" ಎಂದ ತಾತ. "ಜೇಡ ಕಚ್ಚಿದ್ರೆ ವಾಸಿಯಾಗುತ್ತೆ. ಅದು ವಾಸಿಯಾಗುತ್ತೆ, ಇದು ಆಗಲ್ಲ." ಸುರುಳಿಯ ಮೇಲೆ ಹೆಬ್ಬೆರಳು ಆಡಿಸಿದ. "ನಾನು ತಾಳ ಹಾಕೋದು ಈ ಕಾಲಲ್ಲೇ ಕಣಮ್ಮ. ಬಲಗಾಲಿಗೆ ಆ ಬುದ್ಧಿ ಇಲ್ಲ."

ಈಗಲೇ ಆಸ್ಪತ್ರೆಗೆ ಹೋದರೆ ಬರೀ ಬೆರಳಲ್ಲಿ ಮುಗಿಯಬಹುದು ಎಂದು ನಾನು ಹೇಳಬೇಕೆಂದುಕೊಂಡೆ. ನನಗೆ ಅದೇನೂ ಗೊತ್ತಿರಲಿಲ್ಲ, ಜೇಡದ ಹೊಟ್ಟೆ ಮಾತ್ರ ಗೊತ್ತಿತ್ತು. ಎರಡು ಜೇಡವನ್ನೂ ಸೌದೆಯ ಹತ್ತಿರ ಬಿಟ್ಟುಬಿಡು, ಓಪಲ್‌ಗೆ ಹೇಳಬೇಡ ಎಂದು ತಾತ ಹೇಳಿ, ಉಳಿಯನ್ನು ಎತ್ತಿಕೊಂಡ. ನಾನು ಜಾಡಿಗಳನ್ನು ತೆಗೆದುಕೊಂಡು ಹೊರಗೆ ಬಂದೆ. ಸೌದೆ ಒಟ್ಟಿಲವರೆಗೂ ಹೋದೆ. ಮುಚ್ಚಳ ತಿರುಗಿಸಲಿಲ್ಲ.

ಮಧ್ಯಾಹ್ನವೆಲ್ಲ ಬೀನ್ಸ್ ಕಾಳು ಬೇಯಿಸುತ್ತ ಹೇಗೆ ಹೇಳುವುದೆಂದು ಯೋಚಿಸಿದೆ. ಅತ್ತೆ ಬರ್ಲ್ ತಾತನ ಹೆಸರು ಎತ್ತಿದರೆ ಎದ್ದು ಹೋಗುತ್ತಾಳೆ. ಆತನನ್ನು ಬೆರಳು ತೋರಿಸಲೆಂದು ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದವಳು ಅವಳೇ. ಬೆರಳಿಗೆಂದು ಹೋದವನು ಮನೆಗೆ ಮರಳಿದಾಗ ಕಂಬಳಿಯ ಒಂದು ಕಡೆ ಚಪ್ಪಟೆಯಾಗಿತ್ತು. ಕಡೆಯವರೆಗೂ ತೊಳೆದು ಕಟ್ಟು ಕಟ್ಟಿದ್ದೂ ಅವಳೇ. ಹಾಗಾಗಿ ಈ ಸಲ ತಾತ ಜೇಡವೆಂದ ಕೂಡಲೇ ಅದನ್ನು ಒಲೆಗೆ ಹಾಕಿ ಕೈತೊಳೆದುಕೊಂಡಳು. ಅವಳನ್ನು ನಾನು ತಪ್ಪೆನ್ನಲಾರೆ.

ಸೂರ್ಯ ಇನ್ನೂ ಮುಳುಗಿರಲಿಲ್ಲ, ಎಲ್ಲರೂ ಊಟಕ್ಕೆ ಕೂತೆವು. ಬೀನ್ಸ್, ಮೆಕ್ಕೆಜೋಳದ ಬ್ರೆಡ್ಡು, ಹಸಿ ಈರುಳ್ಳಿ, ಜೋಳದ ದಂಟಿನ ಜೋನಿಬೆಲ್ಲ. ಮಾವ ಪ್ರಾರ್ಥನೆ ಹೇಳಿದ. ತಾತ ಬ್ರೆಡ್ಡಿನ ಮೇಲೆ ಜೋನಿಬೆಲ್ಲ ಸುರಿದುಕೊಳ್ಳುವುದನ್ನು ನೋಡುತ್ತಿದ್ದವಳಿಗೆ ತಡೆಯಲಾಗಲಿಲ್ಲ. ಎದ್ದು ಹೋಗಿ ಎರಡು ಜಾಡಿಗಳನ್ನು ತಂದು ಮೇಜಿನ ನಡುವೆ ಇಟ್ಟೆ.

"ಉಪ್ಪಿನಕಾಯಿಗೆ ಕಾಲು ಬಂದಿದೆ," ಎಂದ ಎಲ್ಡನ್ ಮಾವ.

"ಊಟದ ಹೊತ್ತಲ್ಲಿ ಏನೇ ಇದು? ತಗೊಂಡ್ ಹೋಗು ಹೊರಗೆ," ಎಂದಳು ಅತ್ತೆ.

ನಾನು ಹೋಗಲಿಲ್ಲ. ಮೇಜಿನ ಬಟ್ಟೆಯ ಮೇಲಿನ ಹೂವನ್ನು ನೋಡುತ್ತ, ಬೂಟಿನಿಂದ ಬಿದ್ದದ್ದು ಯಾವುದು, ಪೆಟ್ಟಿಗೆಯಲ್ಲಿ ಸಿಕ್ಕಿದ್ದು ಯಾವುದು ಎಂದು ಹೇಳಿದೆ. ಪಿಟೀಲು ಜೇಡಕ್ಕೆ ಹೊಟ್ಟೆಯ ಮೇಲೆ ಗುರುತೇ ಇರುವುದಿಲ್ಲ, ಹೊಟ್ಟೆಯ ಮೇಲೆ ಬಿಳಿ ಪಟ್ಟಿ ಕಂಡರೆ ಅದು ಪಿಟೀಲು ಜೇಡವಲ್ಲ, ಕೊಳೆಯುವ ಗಾಯ ಮಾಡುವ ಜಾತಿಯೇ ಅಲ್ಲ ಎಂದೆ. ಅಷ್ಟು ಉದ್ದ ನಾನು ಆ ಮೇಜಿನಲ್ಲಿ ಮಾತಾಡಿದ್ದು ಅದೇ ಮೊದಲು. ಮಾವ ಅಗಿಯುವುದನ್ನು ನಿಲ್ಲಿಸಿದ್ದ.

ಅತ್ತೆ ಚಮಚ ಕೆಳಗಿಟ್ಟಳು. ಸೌದೆ ಹತ್ತಿರ ಕೂತು ಹುಳ ನೋಡುವವಳು ಡಾಕ್ಟರಾದಳೇ ಎಂದು ಕೇಳಿದಳು. ಇವತ್ತು ಬೂಟಿನಲ್ಲಿ ಒಂದು ಸಿಕ್ಕಿದರೆ ಅವತ್ತು ಕಚ್ಚಿದ್ದೂ ಅದೇ ಎಂದು ಯಾರು ಹೇಳಿದರು, ಬೂಟಿನೊಳಗೆ ಯಾವ ಯಾವ ಜೇಡವೋ ಬಂದು ಹೋಗುತ್ತದೆ ಎಂದಳು. ಅದು ಸರಿಯಾದ ಮಾತೇ. ಅದಕ್ಕೆ ಉತ್ತರ ಗೊತ್ತಿದ್ದವರು ಒಬ್ಬರೇ. ಅವಳೂ ತಾತನ ಕಡೆಗೇ ತಿರುಗಿದಳು.

"ಅಪ್ಪ, ನೋಡಿದೋನು ನೀನು. ನೀನೇ ಹೇಳು. ಇದರಲ್ಲಿ ಯಾವ್ದು?"

ತಾತ ಕೈ ಒರೆಸಿಕೊಂಡ. ಬೆಳಗ್ಗೆ ಭೂತಗನ್ನಡಿ ಬೇಕಾಗಿತ್ತು, ಈಗ ಕೇಳಲಿಲ್ಲ. ಪಾದ್ರಿಯ ಜಾಡಿಯ ಕಡೆ ನೋಡಲೂ ಇಲ್ಲ. ಕೈ ಚಾಚಿ ಇನ್ನೊಂದು ಜಾಡಿಯ ಮುಚ್ಚಳದ ಮೇಲೆ ಬೆರಳಿಟ್ಟ.

"ಇದೇ," ಎಂದ.

"ಆಯ್ತಲ್ಲ," ಎಂದ ಮಾವ, ಮತ್ತೆ ಅಗಿಯತೊಡಗಿದ.

ಅತ್ತೆ ಆ ಜಾಡಿಯನ್ನು ಎತ್ತಿಕೊಂಡಳು. ಹೊರಗೆ ಎಸೆಯುತ್ತಾಳೆಂದುಕೊಂಡೆ. ಎಸೆಯಲಿಲ್ಲ. ಕಿಟಕಿಯ ಬೆಳಕಿಗೆ ಹಿಡಿದು ನೋಡಿದಳು. ಜೇಡ ಗಾಜಿಗೆ ಅಂಟಿಕೊಂಡು ಚಪ್ಪಟೆಯಾಗಿ ಕೂತಿತ್ತು, ಕಂದು ಮೈ, ಬರಿಯ ಹೊಟ್ಟೆ. ತಾತನ ಕಥೆಯನ್ನು ನನಗಿಂತ ಹೆಚ್ಚು ಸಲ ಕೇಳಿದವಳು ಅವಳು. ಬಂದವರ ಮುಂದೆ ಆತ ಮರೆತ ಕಡೆ, ವಾರ್ನಿಷ್ ಹಚ್ಚಿರಲಿಲ್ಲವಂತೆ, ಗುಂಡಿಯೂ ಇತ್ತಂತೆ ಎಂದು ನೆನಪಿಸಿಕೊಡುತ್ತಿದ್ದವಳೂ ಅವಳೇ. ಅವಳ ಕಣ್ಣು ಆ ಬರಿಯ ಹೊಟ್ಟೆಯ ಮೇಲೆ ನಿಂತದ್ದನ್ನು ನಾನು ಕಂಡೆ. ಆಮೇಲೆ ಮೇಜಿನ ಮೇಲೆ ಉಳಿದಿದ್ದ ಜಾಡಿಯ ಕಡೆ ನೋಡಿದಳು. ಆಮೇಲೆ ತಂದೆಯ ಕಡೆ. ತಾತ ತಟ್ಟೆಯಿಂದ ತಲೆ ಎತ್ತಲಿಲ್ಲ.

ಅವಳು ಜಾಡಿಯನ್ನು ಮೊದಲಿದ್ದ ಜಾಗದಲ್ಲೇ ಇಟ್ಟು ಕೂತಳು. ಬೀನ್ಸಿನ ಪಾತ್ರೆ ಎಳೆದುಕೊಂಡು ತಾತನ ತಟ್ಟೆಗೆ ಇನ್ನೊಂದು ಸೌಟು ಹಾಕಿದಳು, ಆತ ಕೇಳಿರಲಿಲ್ಲ. ಸ್ವಲ್ಪ ಸಾರು ಮೇಜಿನ ಬಟ್ಟೆಯ ಮೇಲೆ ಚೆಲ್ಲಿತು. ಒರೆಸಲು ಯಾರೂ ಏಳಲಿಲ್ಲ.

ಗೋಡೆಯ ಮೊಳೆಯಲ್ಲಿ ಮಾವನ ಪಿಕಪ್ ಗಾಡಿಯ ಬೀಗದ ಕೈ ತೂಗುತ್ತಿತ್ತು. ನಾನು ಮಾವನ ಮುಖ ನೋಡಿಕೊಂಡೇ ಹೇಳಿದೆ.

"ಮಾವ, ನಾಳೆ ಬೆಳಿಗ್ಗೆ ತಾತನ್ನ ಆಸ್ಪತ್ರೆಗೆ ಕರ್ಕೊಂಡ್ ಹೋಗಿ."